ಕಡಲ ಪಕ್ಕದ ಚಿಕ್ಕ ಗುಡ್ಡ ಹತ್ತುವ ಮೊದಲು

ಕಡಲ ಪಕ್ಕದ ಗುಡ್ಡ ನೋಡಿದಾಗ ಎಲ್ಲರ ಬಾಯಲ್ಲೂ ಬರುವ ಮಾತು ಒಂದೇ, 'ಇಷ್ಟೇನಾ?' ಹೆಚ್ಚೆಂದರೆ 100, 150 ಮೀಟರ್ ಎತ್ತರ. ಕೆಳಗೆ ನಿಂತರೆ ನೆತ್ತಿಯ ಮೇಲಿರುವವರ ಅಂಗಿಯ ಬಣ್ಣವೂ ಕಾಣುತ್ತದೆ. ಹಾಗಾಗಿ ನೀರಿನ ಬಾಟಲಿ ಇಲ್ಲದೆ, ರಬ್ಬರ್ ಚಪ್ಪಲಿಯಲ್ಲೇ, ಸೂರ್ಯ ಮುಳುಗಲು ಅರ್ಧ ಗಂಟೆ ಇರುವಾಗ ಹೊರಟುಬಿಡುತ್ತೇವೆ. 'ತ್ತೇವೆ' ಅಂತ ಯಾಕೆ ಬರೆದೆ ಅಂದರೆ ನಾನೂ ಹಾಗೇ ಹೋಗಿದ್ದೇನೆ, ಒಂದಲ್ಲ ಮೂರು ಸಲ. ಹತ್ತುವಾಗ ಒಮ್ಮೆಯೂ ತೊಂದರೆ ಆಗಲಿಲ್ಲ. ಆಗಿದ್ದೆಲ್ಲ ಮೇಲೆ ಹೋದ ಮೇಲೆ, ಇಲ್ಲವೇ ಇಳಿಯುವಾಗ. ಅದಕ್ಕೇ ಇಲ್ಲಿ ಹತ್ತುವುದರ ಬಗ್ಗೆ ಕಡಿಮೆ, ಗಾಳಿ, ಅಂಚು, ಇಳಿಜಾರಿನ ಬಗ್ಗೆ ಜಾಸ್ತಿ ಬರೆದಿದ್ದೇನೆ.

ಗುಡ್ಡ ಚಿಕ್ಕದು ಅಂತ ಬೇಸರ ಮಾಡಿಕೊಳ್ಳಬೇಡಿ. ಕಡಲು ನೋಡುವುದಕ್ಕೆ ಚಿಕ್ಕ ಗುಡ್ಡವೇ ಲಾಭ. ನಿಮ್ಮ ಕಣ್ಣು ನೀರಿನಿಂದ ಎಷ್ಟು ಮೀಟರ್ ಮೇಲಿದೆಯೋ ಅದರ ವರ್ಗಮೂಲವನ್ನು 3.57ರಿಂದ ಗುಣಿಸಿ, ನೀರು ಆಕಾಶಕ್ಕೆ ತಾಗುವ ಗೆರೆ ಎಷ್ಟು ಕಿಲೋಮೀಟರ್ ದೂರ ಅಂತ ಸಿಗುತ್ತದೆ. ಮರಳಲ್ಲಿ ನಿಂತವರಿಗೆ ಅದು ಬರೀ 4.5 ಕಿ.ಮೀ. 25 ಮೀಟರ್ ಹತ್ತಿದರೆ 18. 100 ಮೀಟರ್ ಹತ್ತಿದರೆ 36. ಆಮೇಲೆ ಲೆಕ್ಕ ಜಿಪುಣ ಆಗುತ್ತದೆ: ಇದನ್ನು ಇನ್ನೊಮ್ಮೆ ದುಪ್ಪಟ್ಟು ಮಾಡಬೇಕಾದರೆ 400 ಮೀಟರ್ ಹತ್ತಬೇಕು. ಅಷ್ಟು ಮೇಲಿಂದ ಅಲೆಗಳು ಬರೀ ಸುಕ್ಕಿನ ಹಾಗೆ ಕಾಣುತ್ತವೆ, ಸದ್ದೂ ಕೇಳುವುದಿಲ್ಲ. ನೂರರ ಆಸುಪಾಸಿನ ಗುಡ್ಡದಲ್ಲಿ ದೂರವೂ ಸಿಗುತ್ತದೆ, ಅಲೆ ಬಂಡೆಗೆ ಬಡಿದಾಗ ಎದೆಯಲ್ಲಿ ಧಡ್ ಅಂತಲೂ ಆಗುತ್ತದೆ.

ಸಮಯದ ಲೆಕ್ಕ ಸುಲಭ. ನೈಸ್ಮಿತ್ ಅನ್ನುವ ಸ್ಕಾಟ್ಲೆಂಡಿನ ಬೆಟ್ಟ ಹತ್ತುವವನೊಬ್ಬ 1892ರಲ್ಲಿ ಮಾಡಿಟ್ಟ ಲೆಕ್ಕ ಈಗಲೂ ನಡೆಯುತ್ತದೆ. 5 ಕಿ.ಮೀ. ನಡಿಗೆಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಅಂದರೆ 2 ಕಿ.ಮೀ. ದಾರಿ, 150 ಮೀಟರ್ ಏರು ಇದ್ದರೆ ಸುಮಾರು 40 ನಿಮಿಷ. ಇದು ಎಲ್ಲೂ ನಿಲ್ಲದೆ ನಡೆಯುವ ಗಟ್ಟಿ ಆಳಿನ ಲೆಕ್ಕ. ಫೋಟೋ ತೆಗೆಯುವವರು, ಮಕ್ಕಳು, 'ಒಂದ್ನಿಮಿಷ ಕೂತ್ಕೋಳೋಣ' ಅನ್ನುವವರು ಜೊತೆಗಿದ್ದರೆ ಸುಮ್ನೆ ದುಪ್ಪಟ್ಟು ಮಾಡಿಕೊಳ್ಳಿ.

ಹೊರಡುವ ಮುಂಚೆ ಎರಡು ವಿಷಯ ನೋಡಬೇಕು, ಗಾಳಿ ಮತ್ತು ಉಬ್ಬರ.

ಗಾಳಿಗೆ ಆ್ಯಪ್ ನೋಡಿದರೂ ಸರಿ, ಕಡಲನ್ನೇ ನೋಡಿದರೂ ಸರಿ. 1805ರ ಸುಮಾರಿಗೆ ಬ್ಯೂಫೋರ್ಟ್ ಅನ್ನುವ ನೌಕಾಧಿಕಾರಿ ಗಾಳಿಯನ್ನು ಅಂಕಿಯಲ್ಲಿ ಅಳೆಯುವ ಒಂದು ಕ್ರಮ ಹಾಕಿಕೊಟ್ಟ, ಅದರಲ್ಲಿ ನಮಗೆ ಬೇಕಾದ್ದು ಇಷ್ಟೇ. ಕಡಲ ಮೇಲೆ ಅಲ್ಲಲ್ಲಿ ಅಲ್ಲ, ತುಂಬಾ ಕಡೆ ಬಿಳಿ ನೊರೆ ತಲೆ ಎತ್ತುತ್ತಿದ್ದರೆ ಗಾಳಿ ಗಂಟೆಗೆ 20 ಕಿ.ಮೀ. ದಾಟಿದೆ. ಬಿಚ್ಚಿದ ಕೊಡೆ ಹಿಡಿದುಕೊಳ್ಳುವುದೇ ಕಷ್ಟ ಅಂದರೆ 40ರ ಹತ್ತಿರ. 60 ದಾಟಿದರೆ ನಡೆಯುವುದೇ ತ್ರಾಸ. ಇದು ಕೆಳಗಿನ ಮಾತು. ಗಾಳಿ ಗುಡ್ಡಕ್ಕೆ ಬಂದು ತಾಗಿದಾಗ ಮೇಲೆ ಹತ್ತಿ ನೆತ್ತಿ ದಾಟಬೇಕಲ್ಲ, ಅಲ್ಲಿ ಅದರ ವೇಗ ಇನ್ನೂ ಹೆಚ್ಚುತ್ತದೆ. ಇನ್ನೊಂದು ವಿಷಯ ಬಹಳ ಜನ ಮರೆಯುತ್ತಾರೆ: ಗಾಳಿಯ ವೇಗ ಎರಡು ಪಟ್ಟು ಆದರೆ ಅದು ಮೈಯನ್ನು ತಳ್ಳುವ ಬಲ ನಾಲ್ಕು ಪಟ್ಟು ಆಗುತ್ತದೆ. ಹಾಗಾಗಿ ಕೆಳಗೆ ಕೊಡೆ ನಿಲ್ಲದ ದಿನ ಮೇಲೆ ಹೋಗಬೇಡಿ. ಗುಡ್ಡ ನಾಳೆಯೂ ಅಲ್ಲೇ ಇರುತ್ತದೆ.

ಬಿಸಿಲಿರುವ ದಿನ ಮಧ್ಯಾಹ್ನ ಕಡಲಿಂದ ದಡಕ್ಕೆ ಗಾಳಿ ಬೀಸುವುದು ಸಾಮಾನ್ಯ. ನೆಲ ಬೇಗ ಕಾಯುತ್ತದೆ, ಅದರ ಮೇಲಿನ ಬಿಸಿಗಾಳಿ ಏರುತ್ತದೆ, ಆ ಜಾಗಕ್ಕೆ ಕಡಲ ಮೇಲಿನ ತಂಪು ಗಾಳಿ ನುಗ್ಗುತ್ತದೆ. ಈ ಗಾಳಿ ನಿಮ್ಮನ್ನು ಅಂಚಿನಿಂದ ಒಳಕ್ಕೆ ತಳ್ಳುತ್ತದೆ, ಆದ್ದರಿಂದ ಸ್ವಲ್ಪ ವಾಸಿ. ಆದರೆ ಇದು ಇದ್ದಕ್ಕಿದ್ದಂತೆ ನಿಂತಾಗ, ಇಷ್ಟು ಹೊತ್ತು ಅದಕ್ಕೆ ಒರಗಿ ನಿಂತವರು ಮುಂದಕ್ಕೆ ಮುಗ್ಗರಿಸುವುದುಂಟು. ನಾನು ಹೆದರುವುದು ನೆಲದಿಂದ ಕಡಲಿಗೆ ಬೀಸುವ ಗಾಳಿಗೆ. ಅದು ಬೆನ್ನ ಹಿಂದಿನಿಂದ ಬರುತ್ತದೆ, ಕಡಲ ಕಡೆ ಮುಖ ಮಾಡಿ ನಿಂತ ನಿಮಗೆ ಅದು ಬರುತ್ತಿರುವುದು ಕಾಣುವುದೂ ಇಲ್ಲ.

ಉಬ್ಬರದ ವಿಷಯ ಗುಡ್ಡಕ್ಕೆ ಏನು ಸಂಬಂಧ ಅನ್ನಬಹುದು. ಕೆಲವು ಗುಡ್ಡಗಳ ಬುಡಕ್ಕೆ ಮರಳ ಮೇಲೆ ನಡೆದೇ ಹೋಗಬೇಕು, ಇಲ್ಲವೇ ಬಂಡೆ ಸುತ್ತಿ ಹೋಗಬೇಕು. ಹೋಗುವಾಗ ಒಣಗಿದ್ದ ದಾರಿ ಬರುವಾಗ ಸೊಂಟದಷ್ಟು ನೀರಲ್ಲಿರಬಹುದು. ಹೆಚ್ಚಿನ ಕಡಲ ತೀರಗಳಲ್ಲಿ ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ, ಅಂದರೆ ದಿನದಿಂದ ದಿನಕ್ಕೆ ಅದು 50 ನಿಮಿಷದಷ್ಟು ಮುಂದೆ ಹೋಗುತ್ತದೆ. ನಿನ್ನೆ ಐದು ಗಂಟೆಗೆ ದಾಟಿ ಬಂದೆ ಅನ್ನುವ ಅನುಭವ ಒಂದು ವಾರದ ನಂತರ ತಲೆಕೆಳಗಾಗಿರುತ್ತದೆ. ಅಮಾವಾಸ್ಯೆ ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಜಾಸ್ತಿ ಏರುತ್ತದೆ, ಜಾಸ್ತಿ ಇಳಿಯುತ್ತದೆ. ಇನ್ನು ನೀರು ಏರುವ ಆರು ಗಂಟೆಯೂ ಒಂದೇ ಸಮನಾಗಿ ಏರುವುದಿಲ್ಲ. ಮೊದಲ ಗಂಟೆಯಲ್ಲಿ ಏನೂ ಆಗದ ಹಾಗೆ ಇರುತ್ತದೆ, ಮೂರನೇ ಮತ್ತು ನಾಲ್ಕನೇ ಗಂಟೆಯಲ್ಲಿ ಒಟ್ಟು ಏರಿಕೆಯ ಅರ್ಧದಷ್ಟು ಬಂದುಬಿಡುತ್ತದೆ. 'ಈಗಷ್ಟೇ ನೋಡಿದೆ, ನೀರು ದೂರ ಇತ್ತು' ಅನ್ನುವವರು ಸಿಕ್ಕಿಬೀಳುವುದು ಅಲ್ಲೇ.

ಗುಡುಗು ಕೇಳಿದರೆ ಹೋಗಲೇಬೇಡಿ. ಮಿಂಚಿಗೂ ಗುಡುಗಿಗೂ ನಡುವೆ 30 ಸೆಕೆಂಡ್ ಇದ್ದರೆ ಅದು 10 ಕಿ.ಮೀ. ದೂರ, ಅಷ್ಟು ಸಾಕು ಸಿಡಿಲು ನಿಮ್ಮಲ್ಲಿಗೆ ತಲುಪಲು. ಬೋಳು ಗುಡ್ಡದ ನೆತ್ತಿಯಲ್ಲಿ ಎಲ್ಲಕ್ಕಿಂತ ಎತ್ತರದ ವಸ್ತು ನೀವೇ. ಕೊನೆಯ ಗುಡುಗಾದ ಮೇಲೆ ಅರ್ಧ ಗಂಟೆ ಕಾಯಬೇಕು.

ಸಾಮಾನು ಜಾಸ್ತಿ ಬೇಡ. ಒಬ್ಬರಿಗೆ ಒಂದು ಲೀಟರ್ ನೀರು, ಗಾಳಿ ತಡೆಯುವ ತೆಳು ಜಾಕೆಟ್, ಟಾರ್ಚ್. ಜಾಕೆಟ್ ಯಾಕೆ ಅಂದರೆ, 100 ಮೀಟರ್ ಹತ್ತಿದರೆ ಉಷ್ಣತೆ ಒಂದು ಡಿಗ್ರಿಯೂ ಇಳಿಯುವುದಿಲ್ಲ ನಿಜ, ಆದರೆ ಬೆವರಿದ ಅಂಗಿಗೆ ಕಡಲ ಗಾಳಿ ತಾಗಿದರೆ ಐದೇ ನಿಮಿಷದಲ್ಲಿ ಹಲ್ಲು ಕಟಕಟ ಅನ್ನುತ್ತದೆ. ಅದೇ ಗಾಳಿಯಿಂದ ಬಿಸಿಲಿನ ಕಾವೂ ಗೊತ್ತಾಗುವುದಿಲ್ಲ. ರಾತ್ರಿ ಮಲಗುವಾಗ ಕತ್ತಿನ ಹಿಂದೆ ಉರಿ ಶುರುವಾದಾಗಲೇ ತಿಳಿಯುವುದು. ಟೋಪಿ ಹಾಕಿಕೊಳ್ಳುವುದಾದರೆ ಗಲ್ಲದ ಕೆಳಗೆ ದಾರ ಕಟ್ಟುವಂಥದ್ದು ಇರಲಿ, ಆ ಕಥೆ ಮುಂದೆ ಹೇಳುತ್ತೇನೆ. ಟಾರ್ಚ್ ಅಂದರೆ ಟಾರ್ಚೇ, ಫೋನಿನ ಲೈಟ್ ಅಲ್ಲ. ಸಂಜೆಯಿಡೀ ವಿಡಿಯೋ ತೆಗೆದ ಫೋನಿನಲ್ಲಿ ಇಳಿಯುವ ಹೊತ್ತಿಗೆ ಎಷ್ಟು ಚಾರ್ಜ್ ಉಳಿದಿರುತ್ತದೆ ಹೇಳಿ. ಫೋನಲ್ಲಿ ಉಳಿದ ಚಾರ್ಜ್ ತುರ್ತು ಕರೆಗೆ ಬೇಕು; 112 ಅನ್ನುವುದು ಬಹಳಷ್ಟು ದೇಶಗಳಲ್ಲಿ ನಡೆಯುವ ನಂಬರ್.

ಚಪ್ಪಲಿ ಬೇಡ. ಅಡಿಯಲ್ಲಿ ಆಳ ಗೀರುಗಳಿರುವ ಶೂ ಸಾಕು, ದುಬಾರಿ ಬೂಟು ಬೇಕಿಲ್ಲ. ಹೊರಡುವ ಮುಂಚೆ ಕಾಲಿನ ಉಗುರು ಕತ್ತರಿಸಿಕೊಳ್ಳಿ, ಇದು ತಮಾಷೆಗೆ ಹೇಳಿದ್ದಲ್ಲ. ಇಳಿಯುವಾಗ ಪಾದ ಮುಂದಕ್ಕೆ ಜಾರಿ ಹೆಬ್ಬೆರಳು ಪ್ರತಿ ಹೆಜ್ಜೆಗೂ ಶೂವಿನ ತುದಿಗೆ ಗುದ್ದುತ್ತದೆ.

ಇನ್ನು ಹತ್ತುವುದು. ಎರಡು ಮೂರು ದಾರಿ ಇದ್ದರೆ ನೆಲದ ಕಡೆಯಿಂದ ಹತ್ತಿ, ಕಡಲ ಕಡೆಯಿಂದಲ್ಲ. ಒಂದು, ಆ ಕಡೆ ಇಳಿಜಾರು ಸಾಮಾನ್ಯವಾಗಿ ಮೆತ್ತಗಿರುತ್ತದೆ, ಯಾಕೆಂದರೆ ಅಲೆ ಕೊರೆಯುವುದು ಇನ್ನೊಂದು ಬದಿಯನ್ನು. ಎರಡು, ಕಡಲು ದಾರಿಯುದ್ದಕ್ಕೂ ಕಾಣುತ್ತಲೇ ಇದ್ದರೆ ಮೇಲೆ ಹೋದಾಗ ಹೊಸದೇನೂ ಇರುವುದಿಲ್ಲ. ಹಿಂದಿನಿಂದ ಹೋದರೆ ಬರೀ ಹುಲ್ಲು, ಕಲ್ಲು, ಕುರುಚಲು ಗಿಡ, ನಿಮ್ಮದೇ ಏದುಸಿರು. ಮೊದಲು ಸದ್ದು ಕೇಳುತ್ತದೆ. ಆಮೇಲೆ ತುಟಿ ನೆಕ್ಕಿದರೆ ಉಪ್ಪು. ಕೊನೆಯ ಹತ್ತು ಹೆಜ್ಜೆಯಲ್ಲಿ ಒಮ್ಮೆಲೇ ಎದುರಿಗೆ ಬರೀ ನೀಲಿ. ಆ ಹತ್ತು ಹೆಜ್ಜೆಗೋಸ್ಕರ ನಾನು ಒಂದು ಕಿಲೋಮೀಟರ್ ಸುತ್ತು ಹಾಕಿ ಹೋಗಿದ್ದೂ ಇದೆ.

ಮಾತಾಡುತ್ತಾ ಹತ್ತಲು ಆಗುವಷ್ಟೇ ವೇಗ ಇರಲಿ. ಒಂದು ವಾಕ್ಯ ಮುಗಿಸಲು ಎರಡು ಸಲ ಉಸಿರು ಬೇಕಾಯಿತು ಅಂದರೆ ನಿಧಾನ ಮಾಡಿ. ಕಡಿದಾದ ಕಡೆ ನೆಟ್ಟಗೆ ಏರಬೇಡಿ, ಓರೆಯಾಗಿ ಅಡ್ಡಡ್ಡ ಹತ್ತಿ, ಚಿಕ್ಕ ಚಿಕ್ಕ ಹೆಜ್ಜೆ, ಇಡೀ ಪಾದ ನೆಲಕ್ಕೆ. ಹತ್ತುವ ಪಾಠ ಇಷ್ಟೇ.

ಆದರೆ ಹತ್ತುವಾಗಲೇ ಮಾಡಬೇಕಾದ ಒಂದು ಕೆಲಸ ಇದೆ, ಇದನ್ನು ಯಾರೂ ಹೇಳಿಕೊಡುವುದಿಲ್ಲ. ದಾರಿ ಇನ್ನೊಂದು ದಾರಿಗೆ ಸೇರುವ ಕಡೆಯೆಲ್ಲ ಹಿಂತಿರುಗಿ ನಿಂತು ನೋಡಿ. ಗುಡ್ಡದ ಕಾಲುದಾರಿಗಳು ಮೇಲೆ ಹೋಗುವಾಗ ಒಂದಕ್ಕೊಂದು ಸೇರಿಕೊಳ್ಳುತ್ತವೆ, ಯಾವುದನ್ನು ಹಿಡಿದರೂ ನೆತ್ತಿಗೇ ಹೋಗುತ್ತೀರಿ, ತಪ್ಪಲು ಸಾಧ್ಯವೇ ಇಲ್ಲ. ಇಳಿಯುವಾಗ ಅವೇ ದಾರಿಗಳು ಕವಲೊಡೆಯುತ್ತವೆ. ಒಂದು ರಸ್ತೆಗೆ, ಒಂದು ಯಾವುದೋ ಪೊದೆಗೆ, ಇನ್ನೊಂದು ನೇರ ಪ್ರಪಾತಕ್ಕೆ. ಒಮ್ಮೆ ಮಬ್ಬುಗತ್ತಲಲ್ಲಿ ಇಳಿಯುವಾಗ ನಾನು ಇಂಥದ್ದೇ ಕವಲಿನಲ್ಲಿ ಎಡಕ್ಕೆ ಹೋಗುವ ಬದಲು ಬಲಕ್ಕೆ ಹೋದೆ. ಹತ್ತು ನಿಮಿಷ ಇಳಿದ ಮೇಲೆ ಕಾಲಡಿಯಲ್ಲಿ ಅಲೆಯ ಸದ್ದು ಜೋರಾಗಿ ಕೇಳಿಸಿತು, ದಾರಿ ಮುಗಿದೇ ಹೋಗಿತ್ತು. ಮತ್ತೆ ಅಷ್ಟನ್ನೂ ಹತ್ತಬೇಕಾಯಿತು. ಅವತ್ತು ಹತ್ತಿದ್ದೇ ಹತ್ತಿದ್ದು. ಈಗ ಪ್ರತಿ ಕವಲಿನಲ್ಲೂ ಹಿಂತಿರುಗಿ ಒಂದು ಫೋಟೋ ತೆಗೆದುಕೊಳ್ಳುತ್ತೇನೆ. ಬೋಳು ಬಂಡೆ, ವಾಲಿದ ಮರ, ಏನಾದರೂ ಗುರುತು ಅದರಲ್ಲಿ ಇರಬೇಕು.

ಈಗ ಅಂಚಿನ ಮಾತು. ದೂರದ ಬೆಟ್ಟ ನುಣ್ಣಗೆ ಅಂತಾರಲ್ಲ, ಕಡಲ ಗುಡ್ಡದ ಅಂಚು ಹತ್ತಿರದಿಂದಲೂ ನುಣ್ಣಗೇ ಕಾಣುತ್ತದೆ, ಮೋಸ ಇರುವುದು ಕೆಳಗೆ. ಅಲೆ ಗುಡ್ಡದ ಬುಡವನ್ನು ಕೊರೆಯುತ್ತದೆ, ಬುಡ ಒಳಕ್ಕೆ ಹೋಗುತ್ತದೆ, ಮೇಲಿನ ಭಾಗ ಚಜ್ಜದ ಹಾಗೆ ಚಾಚಿಕೊಳ್ಳುತ್ತದೆ. ಮೇಲೆ ನಿಂತವರಿಗೆ ಕಾಣುವುದು ಹಸಿರು ಹುಲ್ಲು, ಅದರ ಕೆಳಗೆ ಒಂದಡಿ ಮಣ್ಣು, ಅದರ ಕೆಳಗೆ ಏನೂ ಇಲ್ಲದಿರಬಹುದು. ಅಂಚಿಗೆ ಸಮಾನಾಂತರವಾಗಿ ನೆಲದಲ್ಲಿ ಬಿರುಕು ಕಂಡರೆ ಆ ಬಿರುಕಿನಿಂದ ಆಚೆಗಿನ ಜಾಗ ಗುಡ್ಡದ್ದಲ್ಲ, ಕಡಲಿನದು ಅಂತಲೇ ತಿಳಿಯಿರಿ. ಮಳೆ ಬಿದ್ದ ಮೇಲಂತೂ ಮಣ್ಣು ನೀರು ಕುಡಿದು ಭಾರವಾಗಿರುತ್ತದೆ.

ನಾನು ಪಾಲಿಸುವ ಲೆಕ್ಕ ಒಂದೇ: ನಾನು ಉದ್ದಕ್ಕೆ ಮುಗ್ಗರಿಸಿ ಬಿದ್ದರೂ ಕೈ ಅಂಚಿಗೆ ತಾಗಬಾರದು. ಅಂದರೆ ನನ್ನ ಎತ್ತರದ ಎರಡರಷ್ಟು, ಗಾಳಿ ಇದ್ದರೆ ಮೂರರಷ್ಟು ದೂರ. ಅದಕ್ಕಿಂತ ಹತ್ತಿರ ಹೋಗಿ ಬಗ್ಗಿ ನೋಡಿದರೆ ಕಾಣುವುದು ನೊರೆ ಮಾತ್ರ, ಅದನ್ನು ಪಕ್ಕದ ದಿಣ್ಣೆಯಿಂದ ಇನ್ನೂ ಚೆನ್ನಾಗಿ ನೋಡಬಹುದು. ನಿಜ ಹೇಳಬೇಕೆಂದರೆ ಒಳ್ಳೆಯ ನೋಟ ನೆತ್ತಿಯಲ್ಲೂ ಇರುವುದಿಲ್ಲ, ಅಂಚಿನಲ್ಲೂ ಇರುವುದಿಲ್ಲ. ನೆತ್ತಿಗಿಂತ ಸ್ವಲ್ಪ ಕೆಳಗೆ ಗುಡ್ಡದ ಭುಜ ಅನ್ನಬಹುದಾದ ಜಾಗ ಇರುತ್ತದಲ್ಲ, ಅಲ್ಲಿಂದ ಪಕ್ಕಕ್ಕೆ ತಿರುಗಿದರೆ ಗುಡ್ಡದ ಗೋಡೆ, ಬುಡದ ಅಲೆ, ದೂರದ ಮರಳ ದಂಡೆ ಮೂರೂ ಒಂದೇ ಚೌಕಟ್ಟಿಗೆ ಸಿಗುತ್ತವೆ.

ಟೋಪಿಯ ಕಥೆ ಇದು. ಗಾಳಿ ಅಷ್ಟೇನೂ ಇರಲಿಲ್ಲ, ನಾನು ಅಂಚಿನಿಂದ ನಾಲ್ಕು ಮಾರು ದೂರ ನಿಂತಿದ್ದೆ. ಹಿಂದಿನಿಂದ ಒಂದು ಬೀಸು ಬಂತು, ಟೋಪಿ ಹಾರಿತು, ಹುಲ್ಲಿನ ಮೇಲೆ ಚಕ್ರದ ಹಾಗೆ ಉರುಳಿಕೊಂಡು ಹೋಯಿತು. ನನ್ನ ಕಾಲು ನನ್ನನ್ನು ಕೇಳಲೇ ಇಲ್ಲ. ಮೂರು ಹೆಜ್ಜೆ ಓಡಿದ್ದೆ, ಗೆಳೆಯ ಬ್ಯಾಗಿನ ಪಟ್ಟಿ ಹಿಡಿದು ಎಳೆದ. ಟೋಪಿ ಅಂಚು ದಾಟಿ ಗಾಳಿಯಲ್ಲೇ ಒಂದು ಕ್ಷಣ ನಿಂತ ಹಾಗೆ ಕಂಡಿತು, ಆಮೇಲೆ ಇಲ್ಲ. ಹಳೇ ಟೋಪಿ, ಬಣ್ಣ ಹೋಗಿತ್ತು. ಅದಕ್ಕೇ ಹೇಳಿದ್ದು ದಾರ ಇರಲಿ ಅಂತ. ಮತ್ತೆ ಮೇಲೆ ಹೋಗುವ ಮುಂಚೆಯೇ ಜೊತೆಯವರೆಲ್ಲ ಒಂದು ಮಾತು ಮಾಡಿಕೊಳ್ಳಿ: ಏನೇ ಹಾರಲಿ, ಏನೇ ಬೀಳಲಿ, ಹಿಂದೆ ಹೋಗುವುದಿಲ್ಲ. ಫೋಟೋಗೆ ನಿಂತವರು ಹಿಂದಕ್ಕೆ ಹೆಜ್ಜೆ ಇಡುವುದಿಲ್ಲ, ತೆಗೆಯುವವರು ಸ್ಕ್ರೀನ್ ನೋಡುತ್ತಾ ನಡೆಯುವುದಿಲ್ಲ. ಮಕ್ಕಳಿದ್ದರೆ ಕೈ ಹಿಡಿದೇ ಇರಿ, ಅತ್ತರೂ ಬಿಡಬೇಡಿ.

ಕೂತುಕೊಳ್ಳಿ. ನಿಂತು ನೋಡುವವರು ಐದು ನಿಮಿಷಕ್ಕೆ 'ಆಯ್ತಲ್ಲ, ಹೋಗೋಣ' ಅಂತಾರೆ. ಕೂತರೆ ನಿಧಾನಕ್ಕೆ ಒಂದೊಂದೇ ಕಾಣಲು ಶುರುವಾಗುತ್ತದೆ. ಅಲೆ ಎಲ್ಲಿ ಬಿಳಿಯಾಗಿ ಒಡೆಯುತ್ತಿದೆಯೋ ಅಲ್ಲಿ ನೀರಿನ ಆಳ ಹೆಚ್ಚು ಕಡಿಮೆ ಅಲೆಯ ಎತ್ತರದಷ್ಟೇ, ಸ್ವಲ್ಪ ಜಾಸ್ತಿ. ಹಾಗಾಗಿ ಆ ಬಿಳಿ ಗೆರೆ ಕೆಳಗಿನ ನೆಲದ ನಕ್ಷೆ ಇದ್ದ ಹಾಗೆ. ತಿಳಿ ಹಸಿರು ಅಂದರೆ ಕಡಿಮೆ ಆಳದ ಮರಳು, ಕಪ್ಪು ಮಚ್ಚೆ ಅಂದರೆ ಬಂಡೆ ಅಥವಾ ಕಡಲ ಪಾಚಿ. ಇನ್ನೊಂದನ್ನು ತಪ್ಪದೆ ಹುಡುಕಿ: ಬಿಳಿ ಗೆರೆಯ ನಡುವೆ ಅಲೆ ಒಡೆಯದ, ಸ್ವಲ್ಪ ಗಾಢ ಬಣ್ಣದ ಒಂದು ಓಣಿ. ದಡದಿಂದ ನೋಡಿದರೆ ಅದೇ ಶಾಂತವಾದ ಜಾಗ ಅನಿಸಿ ಈಜಲು ಅಲ್ಲೇ ಇಳಿಯುತ್ತಾರೆ. ಅದು ಸೆಳೆತ. ದಡಕ್ಕೆ ಬಂದ ನೀರೆಲ್ಲ ವಾಪಸ್ ಹೋಗುವ ದಾರಿ. ಮೇಲಿಂದ ನೋಡಿದರೆ ನೊರೆ, ಕೆದಡಿದ ಮರಳು ಆ ಓಣಿಯಲ್ಲಿ ಕಡಲ ಕಡೆಗೆ ಹೋಗುವುದು ಚೆನ್ನಾಗಿ ಕಾಣುತ್ತದೆ. ಇಳಿದ ಮೇಲೆ ನೀರಿಗಿಳಿಯುವ ಯೋಚನೆ ಇದ್ದರೆ ಯಾವ ಬಂಡೆಯ ನೇರಕ್ಕೆ ಅದಿದೆ ಅಂತ ಈಗಲೇ ಗುರುತು ಹಾಕಿಕೊಳ್ಳಿ.

ದೂರದಲ್ಲಿ ಹಡಗು ಇದ್ದರೆ ಅದರ ಮೇಲ್ಭಾಗ ಮಾತ್ರ ಕಂಡು ಒಡಲು ಕಾಣದೇ ಇರಬಹುದು, ಭೂಮಿಯ ಬಾಗು ಅದನ್ನು ಮುಚ್ಚಿರುತ್ತದೆ. ಹತ್ತುವಾಗ ಅರ್ಧ ದಾರಿಯಲ್ಲಿ ನೋಡಿದ ಹಡಗನ್ನು ಮೇಲೆ ಹೋಗಿ ಮತ್ತೆ ನೋಡಿ, ಸ್ವಲ್ಪ ಜಾಸ್ತಿಯೇ ಕಾಣುತ್ತದೆ. ಬಿಸಿಲ ಝಳದಲ್ಲಿ ನೀರು ಹೊಳೆದು ಕಣ್ಣು ಬಿಡಲಾಗದಿದ್ದರೆ ಪೋಲರೈಸ್ಡ್ ಕೂಲಿಂಗ್ ಗ್ಲಾಸ್ ಹಾಕಿ, ಹೊಳಪು ಹೋಗಿ ನೀರಿನ ಒಳಗೂ ಕಾಣುತ್ತದೆ. ಬಣ್ಣ ಬೇಕಾದವರು ಸೂರ್ಯ ಬೆನ್ನ ಹಿಂದಿರುವ ಹೊತ್ತಿಗೆ ಹೋಗಬೇಕು. ಪಶ್ಚಿಮಕ್ಕೆ ಮುಖ ಮಾಡಿದ ಕಡಲಾದರೆ ಬೆಳಿಗ್ಗೆ, ಪೂರ್ವದ್ದಾದರೆ ಮಧ್ಯಾಹ್ನದ ನಂತರ.

ಪಶ್ಚಿಮದ ಕಡಲಲ್ಲಿ ಎಲ್ಲರಿಗೂ ಬೇಕಾದ್ದು ಸೂರ್ಯಾಸ್ತವೇ, ನನಗೂ. ಇನ್ನೆಷ್ಟು ಹೊತ್ತಿದೆ ಅಂತ ತಿಳಿಯಲು ಕೈ ಪೂರ್ತಿ ಮುಂದೆ ಚಾಚಿ, ಅಂಗೈ ನಿಮ್ಮ ಕಡೆ ತಿರುಗಿಸಿ, ಬೆರಳುಗಳನ್ನು ಅಡ್ಡಕ್ಕೆ ಜೋಡಿಸಿ ಸೂರ್ಯನ ಕೆಳಗೆ ಹಿಡಿಯಿರಿ. ನೀರಿನ ಗೆರೆಗೂ ಸೂರ್ಯನಿಗೂ ನಡುವೆ ಎಷ್ಟು ಬೆರಳು ಹಿಡಿಸುತ್ತವೋ ಅಷ್ಟು ಕಾಲು ಗಂಟೆ. ನಾಲ್ಕು ಬೆರಳಾದರೆ ಒಂದು ಗಂಟೆ. ಭೂಮಧ್ಯ ರೇಖೆಯಿಂದ ದೂರ ಹೋದಷ್ಟೂ ಸೂರ್ಯ ಓರೆಯಾಗಿ ಇಳಿಯುವುದರಿಂದ ಇನ್ನೂ ಸ್ವಲ್ಪ ಹೆಚ್ಚು ಸಿಗುತ್ತದೆ. ಸೂರ್ಯನ ಕೆಳತುದಿ ನೀರಿಗೆ ತಾಗಿದ ಮೇಲೆ ಪೂರ್ತಿ ಮುಳುಗಲು ಎರಡು ಮೂರು ನಿಮಿಷ, ಅಷ್ಟೇ. ತಮಾಷೆ ಏನೆಂದರೆ ತಾಗಿದ ಹಾಗೆ ಕಾಣುವ ಹೊತ್ತಿಗೆ ಸೂರ್ಯ ನಿಜವಾಗಿ ಗೆರೆಯ ಕೆಳಗೆ ಹೋಗಿ ಆಗಿರುತ್ತದೆ, ಗಾಳಿ ಬೆಳಕನ್ನು ಬಗ್ಗಿಸಿ ನಮಗೆ ತೋರಿಸುತ್ತಿರುತ್ತದೆ. ಇನ್ನೂ ಒಂದು: 100 ಮೀಟರ್ ಮೇಲಿರುವ ನಿಮಗೆ ಸೂರ್ಯ ಮುಳುಗುವುದು ಕೆಳಗೆ ಮರಳಲ್ಲಿ ನಿಂತವರಿಗಿಂತ ಸುಮಾರು ಒಂದು ನಿಮಿಷ ತಡವಾಗಿ. ಹತ್ತಲು ಒಲ್ಲೆ ಅಂದು ಕೆಳಗೇ ಉಳಿದ ಗೆಳೆಯರಿಗೆ ಫೋನ್ ಮಾಡಿ 'ಮುಳುಗ್ತಾ? ನಮಗಿನ್ನೂ ಇದೆ' ಅನ್ನಬಹುದು.

ಮುಳುಗಿದ ತಕ್ಷಣ ಎದ್ದು ಹೊರಡಿ. ಕಾಲಡಿ ಕಾಣುವಷ್ಟು ಬೆಳಕು ಉಷ್ಣವಲಯದಲ್ಲಿ 20, 25 ನಿಮಿಷ ಇರುತ್ತದೆ, ಇಳಿಯಲು ಅಷ್ಟು ಸಾಲದು. ಆಕಾಶದ ಬಣ್ಣ ಆಮೇಲೇ ಚೆನ್ನಾಗಿರುತ್ತದೆ, ಒಪ್ಪುತ್ತೇನೆ. ಅದನ್ನು ನೋಡಲೇಬೇಕು ಅಂದರೆ ಕಡಿದಾದ ಭಾಗವನ್ನು ಬೆಳಕಲ್ಲೇ ಇಳಿದು, ಕೆಳಗಿನ ಸಮತಟ್ಟು ಜಾಗದಲ್ಲಿ ಕೂತು ನೋಡಿ.

ಇಳಿಯುವಾಗ ಶೂ ದಾರ ಬಿಗಿ ಮಾಡಿ, ಹಿಮ್ಮಡಿ ಹಿಂದಕ್ಕೆ ಒತ್ತಿ ಕೂರಬೇಕು. ಮೊಣಕಾಲು ಸ್ವಲ್ಪ ಬಗ್ಗಿರಲಿ, ನೆಟ್ಟಗಿಟ್ಟುಕೊಂಡು ಇಳಿದರೆ ಪೂರ್ತಿ ಪೆಟ್ಟು ಕೀಲಿಗೇ. ಜಾರುತ್ತದೆ ಅಂತ ಭಯವಾದಾಗ ಮೈ ಹಿಂದಕ್ಕೆ ವಾಲುತ್ತದೆ, ಹಾಗೆ ವಾಲಿದಾಗಲೇ ಜಾರುವುದು. ಭಾರ ಪಾದದ ಮೇಲೇ ಇರಬೇಕು. ಗಟ್ಟಿ ನೆಲದ ಮೇಲೆ ಕಡಲೆ ಕಾಳಿನಷ್ಟು ಸಣ್ಣ ಜಲ್ಲಿ ಚೆಲ್ಲಿರುವ ಜಾಗ ಎಲ್ಲಕ್ಕಿಂತ ಕೆಟ್ಟದ್ದು, ಅದು ಬೇರಿಂಗ್ ಗುಂಡಿನ ಹಾಗೆ ಕಾಲಡಿ ಉರುಳುತ್ತದೆ. ಅಂಥ ಕಡೆ ಪಕ್ಕದ ಹುಲ್ಲಿನ ಮೇಲೆ ಕಾಲಿಡಿ. ಹುಲ್ಲು ಒದ್ದೆಯಾಗಿದ್ದರೆ ಮಾತ್ರ ಉಲ್ಟಾ, ಜಲ್ಲಿಯೇ ವಾಸಿ. ನಾಚಿಕೆ ಬಿಟ್ಟು ಕೂತು ಜರುಗಿಕೊಂಡು ಇಳಿದರೂ ತಪ್ಪಿಲ್ಲ, ನಾನು ಎಷ್ಟೋ ಸಲ ಇಳಿದಿದ್ದೇನೆ, ಪ್ಯಾಂಟು ಸವೆದಿದ್ದು ಬಿಟ್ಟರೆ ಏನೂ ಆಗಿಲ್ಲ. ಬುಡದಲ್ಲಿ ಅಲೆ ತಾಗುವ ಬಂಡೆಗಳ ಮೇಲೆ ಕಪ್ಪಗೆ ಅಥವಾ ಹಸಿರಾಗಿ ಹೊಳೆಯುವ ಜಾಗ ಕಂಡರೆ ಅದು ಪಾಚಿ, ಎಷ್ಟು ಒಳ್ಳೆಯ ಶೂ ಇದ್ದರೂ ನಿಲ್ಲುವುದಿಲ್ಲ. ಕಡಲಿಗೆ ಬೆನ್ನು ಹಾಕಿ ಅಲ್ಲಿ ನಿಲ್ಲಲೇಬೇಡಿ.

ಮನೆಗೆ ಬಂದ ಮೇಲೆ ಕನ್ನಡಕವನ್ನಾಗಲಿ ಫೋನಿನ ಲೆನ್ಸನ್ನಾಗಲಿ ಅಂಗಿಯ ಚುಂಗಿನಿಂದ ಉಜ್ಜಬೇಡಿ. ಗಾಳಿಯಲ್ಲಿ ಬಂದ ಹನಿ ಒಣಗಿ ಅದರ ಮೇಲೆ ಉಪ್ಪಿನ ಹರಳಾಗಿ ಕೂತಿರುತ್ತದೆ, ಮರಳಿನ ಪುಡಿಯೂ ಸೇರಿರುತ್ತದೆ. ಕನ್ನಡಕ ಆದರೆ ನಲ್ಲಿ ಕೆಳಗೆ ಹಿಡಿದು ತೊಳೆಯಿರಿ, ಲೆನ್ಸ್ ಆದರೆ ಒದ್ದೆ ಬಟ್ಟೆಯಿಂದ ಮೆಲ್ಲಗೆ ಒತ್ತಿ, ಆಮೇಲೆ ಒರೆಸಿ. ಇದನ್ನು ಬರೆಯುವಾಗಲೂ ನನ್ನ ಎಡಗಣ್ಣಿನ ಗಾಜಿನ ಸರಿ ಮಧ್ಯದಲ್ಲಿ ಒಂದು ಗೀರು ಕಾಣುತ್ತಿದೆ.